ಕೆಂಪು ಗೆರೆಯ ತನಕ: ಗೇರ್ ಬಗ್ಗೆ ಓದುಗರ ಪ್ರಶ್ನೆ, ಶೆಡ್ಡಿನ ಉತ್ತರ

ಕಳೆದ ತಿಂಗಳು ಬ್ರೇಕ್ ಬಗ್ಗೆ ಬರೆಯುವಾಗ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೆ: ‘ಆರ್‌ಪಿಎಂ ಮುಳ್ಳಿಗೆ ಹೆದರಬೇಡಿ, ಅದನ್ನು ಓದುವುದು ಕಲಿಯಿರಿ.’ ಬ್ರೇಕ್ ಬಗ್ಗೆ ಎರಡೇ ಪತ್ರ ಬಂದವು. ಆ ಒಂದು ಸಾಲಿಗೆ ರಾಶಿ ಬಂದಿವೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ; ಕೆಂಪು ಗೆರೆ ಅಂದರೆ ಆ ಮೀಟರಿನಲ್ಲಿ ಇಲ್ಲಿಗೆ ಸಾಕು ಎಂದು ಗುರುತು ಮಾಡಿದ ಜಾಗ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದಾರೆ, ಅದಕ್ಕೆ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಊರು ಸಾಗರ, ಕೆಲಸ ಕ್ಯಾಲಿಫೋರ್ನಿಯಾದಲ್ಲಿ. ಸೆಕೆಂಡ್ ಹ್ಯಾಂಡ್‌ನಲ್ಲಿ 2019ರ ಮಾಜ್ದಾ ಎಂಎಕ್ಸ್-5 ತಗೊಂಡಿದ್ದೇನೆ, ಆರು ಗೇರಿನ ಮ್ಯಾನುಯಲ್. ಮಾಂಟೆರೇ ಹತ್ತಿರದ ಲಗುನಾ ಸೆಕಾ ಟ್ರ್ಯಾಕಿನಲ್ಲಿ ದುಡ್ಡು ಕಟ್ಟಿ ನಮ್ಮ ಕಾರನ್ನೇ ಓಡಿಸಬಹುದಾದ ದಿನಗಳಿರುತ್ತವೆ, ಅಲ್ಲಿಗೆ ಹೋಗುತ್ತೇನೆ. ನನ್ನ ಗೆಳೆಯ ಹೇಳುವುದು: ‘ಈ ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) 4,000ದಲ್ಲೇ ತುದಿ ಮುಟ್ಟುತ್ತದೆ, ಅಲ್ಲೇ ಗೇರ್ ಬದಲಿಸು, ಅದರ ಮೇಲೆ ಬರೀ ಸದ್ದು.’ ಟ್ರ್ಯಾಕಿನಲ್ಲಿ ಹೇಳಿಕೊಡುವವರು 7,500ರ ತನಕ ಬಿಡಬೇಡ ಎನ್ನುತ್ತಾರೆ. ಎಂಜಿನ್ ಅಷ್ಟು ಕೂಗುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾರ ಮಾತು ಕೇಳಲಿ?

ಟ್ರ್ಯಾಕಿನಲ್ಲಿ ಹೇಳಿಕೊಡುವವರ ಮಾತು ಕೇಳಿ. ಗೆಳೆಯ ಹೇಳಿದ ಅಂಕಿ ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪು. ಈ ತಪ್ಪು ನಾನೂ ಬಹಳ ವರ್ಷ ಮಾಡಿದ್ದೇನೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಬೆನ್ನಿಗೆ ಸೀಟು ಒತ್ತುತ್ತದಲ್ಲ, ಆ ಒತ್ತು ಎಂಜಿನ್ನಿನ ಟಾರ್ಕ್ ಒಂದರಿಂದಲೇ ಬರುವುದಲ್ಲ. ಟಾರ್ಕ್ ಮೊದಲು ಗೇರ್ ಬಾಕ್ಸ್ ಹೊಕ್ಕು, ಆಮೇಲೆ ಡಿಫರೆನ್ಷಿಯಲ್ (ಚಕ್ರಗಳ ನಡುವೆ ಕೂತ ಕೊನೆಯ ಗೇರ್ ಜೋಡಿ) ಹೊಕ್ಕು, ಎರಡೂ ಕಡೆ ಗುಣಿಸಿಕೊಂಡು ಚಕ್ರಕ್ಕೆ ಬರುತ್ತದೆ. ಕಲ್ಲು ಮೀಟುವ ಹಾರೆ ನೆನೆಸಿಕೊಳ್ಳಿ. ಉದ್ದ ಹಾರೆ ಇದ್ದರೆ ಕೈಯಲ್ಲಿ ಶಕ್ತಿ ಸ್ವಲ್ಪ ಕಮ್ಮಿಯಾದರೂ ಕಲ್ಲು ಏಳುತ್ತದೆ. ಗಿಡ್ಡ ಹಾರೆ ಕೊಟ್ಟರೆ ಪೈಲ್ವಾನನೂ ಬೆವರುತ್ತಾನೆ. ಎರಡನೇ ಗೇರ್ ಉದ್ದ ಹಾರೆ, ಮೂರನೆಯದು ಅದಕ್ಕಿಂತ ಗಿಡ್ಡ.

ನಿಮ್ಮ ಕಾರಿನದ್ದೇ ಲೆಕ್ಕ ಹಾಕೋಣ. 2019ರ ಎರಡು ಲೀಟರ್ ಎಂಜಿನ್: 4,000 ಆರ್‌ಪಿಎಂನಲ್ಲಿ 205 ನ್ಯೂಟನ್ ಮೀಟರ್ ಟಾರ್ಕ್, 7,000ದಲ್ಲಿ 181 ಕುದುರೆಶಕ್ತಿ. ಆ 181ನ್ನು ಟಾರ್ಕಿಗೆ ತಿರುಗಿಸಿದರೆ 7,000ದಲ್ಲೂ ಸುಮಾರು 184 ನ್ಯೂಟನ್ ಮೀಟರ್ ಇದೆ. ಬರೀ ಸದ್ದಲ್ಲ, ನೋಡಿ. ಎರಡನೇ ಗೇರಿನ ಅನುಪಾತ 2.991, ಡಿಫರೆನ್ಷಿಯಲ್ 2.866. ಎರಡನ್ನೂ ಗುಣಿಸಿದರೆ 8.57. ಅಂದರೆ ಎರಡನೇ ಗೇರಿನಲ್ಲಿ 7,000ದಲ್ಲಿರುವಾಗ ಹಿಂದಿನ ಚಕ್ರಕ್ಕೆ ಸುಮಾರು 1,580 ನ್ಯೂಟನ್ ಮೀಟರ್ ಹೋಗುತ್ತಿದೆ. ಈಗ ಅದೇ ವೇಗದಲ್ಲಿ ಮೂರನೇ ಗೇರ್ ಹಾಕಿ. ಅನುಪಾತ 2.035, ಡಿಫರೆನ್ಷಿಯಲ್ ಸೇರಿ 5.83. ಎಂಜಿನ್ ತನ್ನ ಕೈಲಾದಷ್ಟೂ, ಪೂರ್ತಿ 205ನ್ನೂ ಕೊಟ್ಟಿತು ಎಂದೇ ಇಟ್ಟುಕೊಳ್ಳಿ. ಆದರೂ ಚಕ್ರಕ್ಕೆ 1,195. ಎಳೆತದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಹೋಯಿತು.

ಎರಡನೇ ಗೇರಿನಲ್ಲಿ ಎಂಜಿನ್ನಿನ ಟಾರ್ಕ್ 140ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಮೂರನೆಯದು ಲಾಭ. ಈ ಎಂಜಿನ್ 7,500 ಮುಟ್ಟುವ ತನಕ ಅಷ್ಟು ಬೀಳುವುದಿಲ್ಲ. ಗೆಳೆಯ ಹೇಳಿದಂತೆ 4,000ದಲ್ಲಿ ಬದಲಿಸಿದರೆ ಮುಳ್ಳು 2,700ಕ್ಕೆ ಹೋಗಿ ಕೂರುತ್ತದೆ. ಅಲ್ಲಿಂದ ಮತ್ತೆ ಮೇಲೆ ಹತ್ತುವಷ್ಟರಲ್ಲಿ ಮುಂದಿನವರು ತಿರುವು ದಾಟಿರುತ್ತಾರೆ.

ಗೆಳೆಯ ಎಲ್ಲಿ ಎಡವಿದರು ಅಂದರೆ, ಒಂದೇ ಗೇರಿನಲ್ಲಿ ಎಲ್ಲಿ ಎಳೆತ ಜಾಸ್ತಿ ಎಂಬ ಪ್ರಶ್ನೆಗೆ ಅವರ ಉತ್ತರ ಸರಿ. ಆದರೆ ನಿಮ್ಮ ಕೈ ಗೇರ್ ಕಡ್ಡಿಯ ಮೇಲಿರುವಾಗ ಪ್ರಶ್ನೆ ಅದಲ್ಲ. ಈಗಿರುವ ಗೇರೋ, ಮುಂದಿನ ಗೇರೋ, ಈ ಕ್ಷಣದಲ್ಲಿ ಯಾವುದು ಚಕ್ರವನ್ನು ಜೋರಾಗಿ ತಿರುಗಿಸುತ್ತದೆ? ಇಷ್ಟೇ ಪ್ರಶ್ನೆ. ಮೇಲಿನ ಗೇರುಗಳಲ್ಲಿ ಅನುಪಾತ ಹತ್ತಿರ ಹತ್ತಿರ ಇರುವುದರಿಂದ ನಷ್ಟ ಕಮ್ಮಿ. ಮೂರರಿಂದ ನಾಲ್ಕಕ್ಕೆ ಹೋಗುವಾಗ 7,500ರಿಂದ 5,900ರ ಹತ್ತಿರಕ್ಕೆ ಇಳಿಯುತ್ತದೆ, ಅಷ್ಟೇ. ಒಂದರಿಂದ ಎರಡಕ್ಕೆ ಮಾತ್ರ ದೊಡ್ಡ ಜಿಗಿತ, 4,400ಕ್ಕೆ ಬೀಳುತ್ತದೆ.

ಇನ್ನು ಕೈಯ ಕೆಲಸ. ಮೊದಲ ಗೇರಿನಲ್ಲಿ ಈ ಕಾರು 60 ಕಿಲೋಮೀಟರ್ ವೇಗದಲ್ಲೇ ಕೆಂಪು ಗೆರೆ ಮುಟ್ಟುತ್ತದೆ. ಮುಳ್ಳು ಸೆಕೆಂಡಿಗೆ ಎರಡು ಸಾವಿರ ಸುತ್ತಿನ ಲೆಕ್ಕದಲ್ಲಿ ಏರುತ್ತಿರುತ್ತದೆ. ಕಣ್ಣು ನೋಡಿ, ತಲೆ ತೀರ್ಮಾನಿಸಿ, ಕಾಲು ಕ್ಲಚ್ ಒತ್ತುವಷ್ಟರಲ್ಲಿ ನಾಲ್ಕೈದು ನೂರು ಸುತ್ತು ಕಳೆದುಹೋಗಿರುತ್ತದೆ. ಹಾಗಾಗಿ ಒಂದನೇ ಗೇರಿನಲ್ಲಿ 7,000 ಕಂಡಾಗಲೇ ಕೈ ಹೊರಡಬೇಕು. ಎರಡರಲ್ಲಿ 7,200. ಎರಡನೇ ಗೇರ್ 100 ಕಿಲೋಮೀಟರ್ ದಾಟುವ ತನಕ ಎಳೆಯುತ್ತದೆ. ಮೂರು, ನಾಲ್ಕರಲ್ಲಿ ಮುಳ್ಳು ನಿಧಾನವಾಗಿ ಏರುವುದರಿಂದ ಸಮಯ ಸಿಗುತ್ತದೆ. ಕೆಲವು ದಿನ ಕಳೆದರೆ ಮುಳ್ಳು ನೋಡುವುದೇ ಬೇಡ, ಕಿವಿಯೇ ಹೇಳುತ್ತದೆ. ಮಾಜ್ದಾದವರದ್ದೇ ಆರ್‌ಎಕ್ಸ್-8 ಕಾರಿನಲ್ಲಿ ಕೆಂಪು ಗೆರೆ ಹತ್ತಿರ ಬಂದಾಗ ಬೀಪ್ ಎಂದು ಸದ್ದು ಬರುತ್ತದೆ. ಅದರ ರೋಟರಿ ಎಂಜಿನ್ ಎಷ್ಟು ನುಣ್ಣಗೆ 9,000ಕ್ಕೆ ಏರುತ್ತದೆ ಅಂದರೆ ಕಿವಿಗೂ ಗೊತ್ತಾಗುವುದಿಲ್ಲ, ಅದಕ್ಕೆ ಆ ಬೀಪ್.

ಬೇಗ ಬದಲಿಸಬೇಕಾದ ಜಾಗಗಳೂ ಇವೆ. ಮಳೆ ಬಂದು ಟ್ರ್ಯಾಕ್ ಒದ್ದೆಯಾಗಿದ್ದರೆ ಸಾವಿರ ಸುತ್ತು ಮೊದಲೇ ಮೇಲಿನ ಗೇರ್ ಹಾಕಿ. ಚಕ್ರಕ್ಕೆ ಎಳೆತ ಕಮ್ಮಿ ಹೋಗಲಿ, ಜಾರುವುದು ತಪ್ಪುತ್ತದೆ. ತಿರುವಿನ ನಡುವೆ ಬದಲಿಸಬೇಕಾಗಿ ಬರುತ್ತದೆ ಅನ್ನಿಸಿದರೆ ತಿರುವಿಗೆ ಮೊದಲೇ ಮುಗಿಸಿಬಿಡಿ. ಇನ್ನೊಂದು: ನಿಮ್ಮ ಟ್ರ್ಯಾಕಿನಲ್ಲಿ ಕಾರ್ಕ್‌ಸ್ಕ್ರೂ ಎಂಬ ಇಳಿಜಾರು ತಿರುವಿದೆ, ಏರು ಹತ್ತಿ ತುದಿಯಲ್ಲಿ ಬ್ರೇಕ್ ಹಾಕಿ ಒಮ್ಮೆಲೇ ಕೆಳಗೆ ಧುಮುಕುವುದು. ಅಂಥ ಕಡೆ ಬ್ರೇಕ್ ಹಾಕಲು ಒಂದು ಸೆಕೆಂಡ್ ಇರುವಾಗ ಮುಳ್ಳು 7,200ರಲ್ಲಿದ್ದರೆ ಮೇಲಿನ ಗೇರಿಗೆ ಹೋಗಬೇಡಿ. ಹೋಗಿ ತಕ್ಷಣ ವಾಪಸ್ ಬರುವುದರಲ್ಲಿ ಎರಡು ಸಲ ಕೈ ಸ್ಟೀರಿಂಗ್ ಬಿಡುತ್ತದೆ. ಅಲ್ಲೇ ಹಿಡಿದುಕೊಳ್ಳಿ.

ಕೊನೆಗೆ ಆ ಸಂಕಟದ ಮಾತು. ಎಂಜಿನ್ ಬಿಸಿಯಾಗಿದ್ದರೆ, ಆಯಿಲ್ ಅಳತೆ ಸರಿಯಿದ್ದರೆ, 7,500 ಅದಕ್ಕೆ ಹಿಂಸೆಯಲ್ಲ. ಕಟ್ಟಿದವರು ಅಲ್ಲಿಯ ತನಕ ಲೆಕ್ಕ ಹಾಕಿಯೇ ಗೆರೆ ಎಳೆದಿದ್ದಾರೆ. ಹಿಂಸೆ ಯಾವುದು ಅಂದರೆ ತಣ್ಣಗಿರುವಾಗ ಏರಿಸುವುದು. ನೀರಿನ ಗೇಜ್ ನಡುವಿಗೆ ಬಂದಾಗ ಆಯಿಲ್ ಇನ್ನೂ ಬಿಸಿಯಾಗಿರುವುದಿಲ್ಲ, ಮತ್ತೆ ಐದಾರು ನಿಮಿಷ ಬೇಕು. ಬಿಎಂಡಬ್ಲ್ಯು ಕಂಪನಿಯ ಇ46 ಎಂ3 ಕಾರಿನ ಮೀಟರಿನಲ್ಲಿ ಇದಕ್ಕೆಂದೇ ದೀಪಗಳಿದ್ದವು. ಆಯಿಲ್ ಬಿಸಿಯಾದಂತೆ ಒಂದೊಂದೇ ಆರಿ, ಕೆಂಪು ಗೆರೆ ಮೇಲಕ್ಕೆ ಸರಿದಂತೆ ಕಾಣುತ್ತಿತ್ತು. ನನಗೆ ಬಹಳ ಇಷ್ಟವಾದ ಏರ್ಪಾಡು ಅದು. ನಿಮ್ಮ ಕಾರಿನಲ್ಲಿ ಇಲ್ಲ, ಆದ್ದರಿಂದ ಟ್ರ್ಯಾಕಿನ ಮೊದಲ ಸುತ್ತಿನಲ್ಲಿ ಮುಳ್ಳು 4,000ದ ಒಳಗೇ ಇರಲಿ. ಆ ಒಂದು ಸುತ್ತು ಪೂರ್ತಿ ಗೆಳೆಯನ ಮಾತು ಕೇಳಿ.

ಪ್ರಶ್ನೆ: ಸಿರಸಿ. ನಂದು 1.3 ಲೀಟರ್ ಡೀಸೆಲ್ ಸ್ವಿಫ್ಟ್. ಕುಮಟಾಕ್ಕೆ ದೇವಿಮನೆ ಘಾಟಿಯಲ್ಲಿ ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ನಾನೂ ಕೆಂಪು ಗೆರೆಯ ತನಕ ಎಳೆಯಬೇಕಾ?

ಬೇಡ. ಮೇಲಿನ ಉತ್ತರ ಪೆಟ್ರೋಲ್ ಸ್ಪೋರ್ಟ್ಸ್ ಕಾರಿಗೆ. ನಿಮ್ಮ ಎಂಜಿನ್ 2,000ದಲ್ಲಿ 190 ನ್ಯೂಟನ್ ಮೀಟರ್ ಕೊಡುತ್ತದೆ, 4,000ಕ್ಕೆ ಬರುವಷ್ಟರಲ್ಲಿ ಅದು ಸುಮಾರು 130ಕ್ಕೆ ಇಳಿದಿರುತ್ತದೆ. 4,000 ದಾಟಿದ ಮೇಲೆ ಇನ್ನೂ ಬೇಗ ಬೀಳುತ್ತದೆ. ಲಾರಿ ಹಿಂದೆ ಹಾಕುವಾಗ 4,000ದ ತನಕ ಎಳೆಯಿರಿ, ಅಲ್ಲಿ ಬದಲಿಸಿ. ಏರಿನಲ್ಲಿ 2,000 ಮತ್ತು 3,500ರ ನಡುವೆ ಇರಲಿ. 1,800ರ ಕೆಳಗೆ ಬಿಟ್ಟರೆ ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಮಲಗಿಬಿಡುತ್ತದೆ, ಆಮೇಲೆ ಎಷ್ಟು ಒತ್ತಿದರೂ ಏಳಲು ಸಮಯ ಬೇಕು. ಇಳಿಯುವಾಗ ಬ್ರೇಕನ್ನೇ ನೆಚ್ಚಬೇಡಿ, ಎರಡು ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ.

ಕೆಂಪು ಗೆರೆಯೇ ಬದಲಿಸುವ ಜಾಗ ಎಂಬ ನಿಯಮ ಎಲ್ಲೂ ಇಲ್ಲ. ಫಾರ್ಮುಲಾ ಒನ್‌ನಲ್ಲಿ 2014ರಿಂದ 2025ರ ತನಕ ಎಂಜಿನ್ 15,000 ಆರ್‌ಪಿಎಂ ಮುಟ್ಟಬಹುದು ಎಂದಿತ್ತು. ಆದರೆ ಚಾಲಕರು 12,000ದ ಆಸುಪಾಸಿನಲ್ಲೇ ಬದಲಿಸುತ್ತಿದ್ದರು. ಯಾಕೆಂದರೆ ಗಂಟೆಗೆ 100 ಕೆಜಿಗಿಂತ ಜಾಸ್ತಿ ಪೆಟ್ರೋಲ್ ಹರಿಯಬಾರದು ಎಂಬ ಕಟ್ಟಳೆ ಇತ್ತು, ಆ ಮಿತಿ 10,500ಕ್ಕೇ ಬಂದುಬಿಡುತ್ತಿತ್ತು. ಅದರ ಮೇಲೆ ಏರಿಸಿದರೆ ಅಷ್ಟೇ ಪೆಟ್ರೋಲಿಗೆ ಉಜ್ಜಾಟ ಮಾತ್ರ ಜಾಸ್ತಿ. ಪ್ರತಿ ಎಂಜಿನ್ನಿಗೂ ಅದರದ್ದೇ ಜಾಗ ಇರುತ್ತದೆ.

ಪ್ರಶ್ನೆ: ಹಾವೇರಿ, ಎಂಜಿನಿಯರಿಂಗ್ ಎರಡನೇ ವರ್ಷ. ರೆವ್ ಲಿಮಿಟರ್ (ಎಂಜಿನ್ ಮಿತಿ ಮೀರಿ ತಿರುಗದಂತೆ ತಡೆಯುವ ಏರ್ಪಾಡು) ಒಳಗೆ ನಿಜವಾಗಿ ಏನು ನಡೆಯುತ್ತದೆ? ಪೆಟ್ರೋಲ್ ನಿಲ್ಲಿಸುತ್ತದಾ, ಕಿಡಿ ನಿಲ್ಲಿಸುತ್ತದಾ? ನಮ್ಮ ಕಾಲೇಜಿನಲ್ಲಿ ಇಬ್ಬರು ಎರಡು ಥರ ಹೇಳುತ್ತಾರೆ.

ಇಬ್ಬರೂ ಸರಿ, ಗಾಡಿ ಯಾವುದು ಎಂಬುದರ ಮೇಲೆ ಹೋಗುತ್ತದೆ. ಆದರೆ ತಮ್ಮಾ, ನಾನು ಇದನ್ನು ಮೊದಲು ಕಲಿತದ್ದು ಪೆಟ್ರೋಲ್ ಕಾರಿನಲ್ಲಲ್ಲ, ಲಾರಿ ಪಂಪಿನಲ್ಲಿ. ಅಲ್ಲಿಂದಲೇ ಹೇಳಿದರೆ ನಿಮಗೂ ಬೇಗ ತಲೆಗೆ ಹೋಗುತ್ತದೆ.

1981ರಲ್ಲಿ ನನಗೆ ಹದಿನೇಳು. ಹುಬ್ಬಳ್ಳಿಯಲ್ಲಿ, ಲಾರಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪುಗಳ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬೆಂಗಳೂರು ಆಡುಗೋಡಿಯ ಮೈಕೋ ಕಂಪನಿಯ ಪಂಪುಗಳು ನಮ್ಮ ದಿನದ ಅನ್ನ. ರಿಪೇರಿಯಾದ ಪಂಪನ್ನು ಬೆಂಚಿಗೆ ಕಟ್ಟಿ ತಿರುಗಿಸುತ್ತಿದ್ದೆವು. ಆರು ನಾಜಲ್, ಅವುಗಳ ಕೆಳಗೆ ಸಾಲಾಗಿ ಆರು ಗಾಜಿನ ನಳಿಗೆ, ಮೈಮೇಲೆ ಅಳತೆಯ ಗೆರೆ. ಬೆಂಚಿನ ವೇಗ ಏರಿಸುತ್ತಾ ಹೋದಂತೆ ಆರೂ ನಳಿಗೆಯಲ್ಲಿ ಎಣ್ಣೆ ಸಮನಾಗಿ ಏರಬೇಕು. ಒಂದು ವೇಗಕ್ಕೆ ಬಂದಾಗ ಪಂಪಿನ ಹಿಂಬದಿಯ ಡಬ್ಬಿಯಲ್ಲಿ ಗವರ್ನರಿನ (ವೇಗಕ್ಕೆ ಕಡಿವಾಣ ಹಾಕುವ ಸಾಧನದ) ತೂಕದ ಗುಂಡುಗಳು ಹೊರಕ್ಕೆ ಹರಡಿ, ಸ್ಪ್ರಿಂಗನ್ನು ದೂಡಿ, ರ‍್ಯಾಕ್ ಎಂಬ ಹಲ್ಲಿನ ಪಟ್ಟಿಯನ್ನು ಹಿಂದಕ್ಕೆ ಎಳೆಯುತ್ತಿದ್ದವು. ಬೆರಳು ರ‍್ಯಾಕಿನ ತುದಿಗೆ ತಾಗಿಸಿ ಇಟ್ಟರೆ ಅದು ನೂಲಿನಷ್ಟು ನೂಲಿನಷ್ಟು ಹಿಂದೆ ಸರಿಯುವುದು ಗೊತ್ತಾಗುತ್ತಿತ್ತು. ಆಗ ಆರೂ ನಳಿಗೆಯಲ್ಲಿ ಎಣ್ಣೆ ಏರುವುದು ನಿಂತೇಹೋಗುತ್ತಿತ್ತು. ವೇಗ ಕಮ್ಮಿ ಮಾಡಿದರೆ ಮತ್ತೆ ಶುರು. ಲಿಮಿಟರ್ ಅಂದರೆ ಅದೇ. ಇವತ್ತಿಗೂ ಆ ಪದ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಆ ಆರು ನಳಿಗೆ.

ಡೀಸೆಲ್ಲಿಗೆ ಇದು ಬೇಕೇ ಬೇಕಿತ್ತು. ಅದರಲ್ಲಿ ಕಿಡಿ ಇಲ್ಲ, ಗಾಳಿಗೆ ಅಡ್ಡ ಇಡುವ ಬಾಗಿಲೂ ಇಲ್ಲ. ಎಷ್ಟು ಎಣ್ಣೆ ಕೊಟ್ಟರೆ ಅಷ್ಟು ಓಡುತ್ತದೆ, ನಿಲ್ಲಿಸುವ ದಾರಿಯೂ ಎಣ್ಣೆ ಕಡಿಯುವುದೊಂದೇ.

ಪೆಟ್ರೋಲ್ ಕಾರುಗಳಲ್ಲಿ ಹಿಂದೆ ಡಿಸ್ಟ್ರಿಬ್ಯೂಟರಿನ (ಕಿಡಿಯನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ ಡಬ್ಬಿಯ) ಒಳಗೆ ತಿರುಗುವ ರೋಟರಿಗೇ ಒಂದು ಪುಟ್ಟ ತೂಕ, ಒಂದು ಸ್ಪ್ರಿಂಗ್ ಕೂರಿಸುತ್ತಿದ್ದರು. ಹಳೇ ಪೋರ್ಷ 911ರಲ್ಲಿ, ಲೋಟಸ್ ಎಲಾನ್‌ನಲ್ಲಿ ಇದು ಇತ್ತು. ವೇಗ ಮೀರಿದಾಗ ತೂಕ ಹೊರಕ್ಕೆ ಬಂದು ಕಿಡಿಯನ್ನು ಪ್ಲಗ್ಗಿಗೆ ಬಿಡದೆ ಭೂಮಿಗೆ ಕಳಿಸುತ್ತಿತ್ತು. ನಮ್ಮ ಗವರ್ನರಿನ ತಮ್ಮ ಅನ್ನಬಹುದು.

ಈಗ ಗುಂಡು, ಸ್ಪ್ರಿಂಗ್ ಇಲ್ಲ. ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕಿನ ತುದಿಯಲ್ಲಿ ಹಲ್ಲಿನ ಚಕ್ರ, ಅದರ ಎದುರು ಒಂದು ಸೆನ್ಸರ್. ಬಹಳ ಕಾರುಗಳಲ್ಲಿ 60 ಹಲ್ಲಿನ ಜಾಗ ಇಟ್ಟು ಎರಡನ್ನು ಖಾಲಿ ಬಿಟ್ಟಿರುತ್ತಾರೆ, ಖಾಲಿ ಜಾಗ ಬಂದಾಗ ಪಿಸ್ಟನ್ ಎಲ್ಲಿದೆ ಎಂದು ಇಸಿಎಂಗೆ (ಎಂಜಿನ್ ನಡೆಸುವ ಕಂಪ್ಯೂಟರಿಗೆ) ಗೊತ್ತಾಗಲಿ ಎಂದು. 7,500 ಆರ್‌ಪಿಎಂ ಅಂದರೆ ಸೆಕೆಂಡಿಗೆ 125 ಸುತ್ತು, 7,250 ಹಲ್ಲು. ಇಸಿಎಂ ಅಷ್ಟನ್ನೂ ಎಣಿಸುತ್ತಿರುತ್ತದೆ. ಮಿತಿ ಬಂತು ಅಂದ ತಕ್ಷಣ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿಗೆ ಕರೆಂಟ್ ಕೊಡುವುದು ನಿಲ್ಲಿಸುತ್ತದೆ. ಪೆಟ್ರೋಲ್ ಇಲ್ಲ, ಬೆಂಕಿ ಇಲ್ಲ, ವೇಗ ಇಳಿಯಿತು. ಇನ್ನೂರು ಸುತ್ತು ಇಳಿದ ಮೇಲೆ ಮತ್ತೆ ಕೊಡುತ್ತದೆ. ಆಕ್ಸಿಲರೇಟರ್ ಒತ್ತೇ ಇದ್ದರೆ ಮತ್ತೆ ಏರಿ ಮತ್ತೆ ಮಿತಿ. ಬಡ ಬಡ ಬಡ ಎಂದು ಕಾರು ತಡವರಿಸುತ್ತದಲ್ಲ, ಅದು ಈ ಕೊಡು-ನಿಲ್ಲಿಸು ಆಟ. ಈಚಿನ ಕಾರುಗಳು ಇನ್ನೂ ಮೆತ್ತಗೆ ಮಾಡುತ್ತವೆ: ಮಿತಿ ಹತ್ತಿರ ಬರುವಾಗಲೇ ಥ್ರಾಟಲ್ ಬಾಗಿಲನ್ನು ತಾವೇ ಸ್ವಲ್ಪ ಮುಚ್ಚುತ್ತವೆ, ಇಲ್ಲವೇ ನಾಲ್ಕರಲ್ಲಿ ಒಂದೊಂದೇ ಸಿಲಿಂಡರಿಗೆ ಪೆಟ್ರೋಲ್ ತಪ್ಪಿಸುತ್ತವೆ.

ಕಿಡಿ ನಿಲ್ಲಿಸುವುದು ಕಾರ್ಬುರೇಟರ್ ಬೈಕುಗಳಲ್ಲಿ, ಕೆಲವು ರೇಸ್ ಕಾರುಗಳಲ್ಲಿ. ಕಾರ್ಬುರೇಟರಿಗೆ ಪೆಟ್ರೋಲ್ ತಕ್ಷಣ ನಿಲ್ಲಿಸಲು ಆಗುವುದಿಲ್ಲವಲ್ಲ. ಆದರೆ ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಗೆ ಇದು ಒಳ್ಳೆಯದಲ್ಲ, ಅದರ ಒಳಗಿನ ಜೇನುಗೂಡು ಕರಗಿಹೋಗುತ್ತದೆ. ಆದ್ದರಿಂದ ರಸ್ತೆಯ ಕಾರುಗಳಲ್ಲಿ ಪೆಟ್ರೋಲನ್ನೇ ನಿಲ್ಲಿಸುತ್ತಾರೆ.

ಒಂದು ಮಾತು ನೋಟ್ಸಿನಲ್ಲಿ ಬರೆದಿಟ್ಟುಕೊಳ್ಳಿ. ಲಿಮಿಟರಿಗೆ ಕಡಿಯಲು ಬರುವುದು ತಾನು ಕೊಡುವ ಎಣ್ಣೆಯನ್ನೋ ಕಿಡಿಯನ್ನೋ ಮಾತ್ರ. ಡೀಸೆಲ್ ಗಾಡಿಯ ಟರ್ಬೊ ಸೀಲ್ ಹೋಗಿ ಎಂಜಿನ್ ತನ್ನದೇ ಆಯಿಲನ್ನು ಕುಡಿಯಲು ಶುರು ಮಾಡಿದರೆ ಪಂಪು ಪೂರ್ತಿ ನಿಲ್ಲಿಸಿದರೂ ಅದು ಓಡುತ್ತದೆ, ಓಡಿ ಓಡಿ ಒಡೆಯುತ್ತದೆ. ಗಾಳಿ ದಾರಿ ಮುಚ್ಚಿದರೆ ಮಾತ್ರ ನಿಲ್ಲುತ್ತದೆ. ಕೊನೆಯ ಪತ್ರದ ಉತ್ತರಕ್ಕೂ ಈ ಮಾತು ಬೇಕಾಗುತ್ತದೆ.

ಪ್ರಶ್ನೆ: ದಾವಣಗೆರೆ. ನಮ್ಮ ಹುಡುಗ ಬೈಕನ್ನು ಮನೆ ಮುಂದೆ ನಿಲ್ಲಿಸಿಕೊಂಡು ಜೋರಾಗಿ ರೇಸ್ ಮಾಡುತ್ತಾನೆ. ಪಟಾಕಿ ಥರ ಸದ್ದು ಬರಲಿ ಎಂದು ಕೀ ಆಫ್ ಮಾಡಿ ಆನ್ ಮಾಡುತ್ತಾನೆ. ಕೇಳಿದರೆ ‘ಲಿಮಿಟರ್ ಇದೆ ಅಮ್ಮ, ಏನೂ ಆಗಲ್ಲ’ ಎನ್ನುತ್ತಾನೆ. ನನಗೆ ಗಾಡಿ ವಿಷಯ ತಿಳಿಯುವುದಿಲ್ಲ. ನಿಜವಾ?

ಅರ್ಧ ನಿಜ ತಾಯಿ. ಒಮ್ಮೆ ಅಪ್ಪಿತಪ್ಪಿ ಲಿಮಿಟರ್ ಮುಟ್ಟಿದರೆ ಏನೂ ಆಗುವುದಿಲ್ಲ. ನಿಂತಲ್ಲೇ ಪದೇ ಪದೇ ಮುಟ್ಟಿಸಿದರೆ ಆಗುತ್ತದೆ. ಬೈಕ್ ಓಡುವಾಗ ಎದುರು ಗಾಳಿ ಎಂಜಿನ್ನಿಗೆ ಬಡಿದು ತಂಪು ಮಾಡುತ್ತದೆ. ಮನೆ ಮುಂದೆ ನಿಂತಾಗ ಆ ಗಾಳಿ ಎಲ್ಲಿಂದ ಬರಬೇಕು? ಬೆಳಿಗ್ಗೆ ಎದ್ದ ಕೂಡಲೇ ಮಾಡಿದರೆ ಇನ್ನೂ ಕೆಟ್ಟದ್ದು, ಆಯಿಲ್ ಮೇಲೆ ಹತ್ತಿರುವುದೇ ಇಲ್ಲ. ಕೀ ಆಫ್-ಆನ್ ಆಟದಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಒಳಗೆ ಸಿಡಿಯುತ್ತದೆ. ಪಟಾಕಿ ಸದ್ದು ಅದೇ. ಸೈಲೆನ್ಸರಿನ ಒಳಪದರ ಒಡೆಯುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಪಕ್ಕದ ಮನೆಯ ವಯಸ್ಸಾದವರ ಎದೆ ಹಾರುವುದು ಬೇರೆ.

ಆದರೆ ಅವನನ್ನು ಸುಮ್ನೆ ಬೈಯಬೇಡಿ. ಎಂಜಿನ್ ಸದ್ದಿನ ಮೇಲೆ ಆಸೆ ಇರುವ ಹುಡುಗ ಒಳ್ಳೆಯ ಮೆಕ್ಯಾನಿಕ್ ಆಗಬಹುದು. ಕೊಯಮತ್ತೂರಿನಲ್ಲಿ ಕಾರಿ ಮೋಟಾರ್ ಸ್ಪೀಡ್‌ವೇ ಎಂಬ ಟ್ರ್ಯಾಕ್ ಇದೆ. ಒಂದು ರೇಸಿನ ದಿನ ಕರೆದುಕೊಂಡು ಹೋಗಿ. ಅಲ್ಲಿ ಬೈಕುಗಳು ಒಂದಾದ ಮೇಲೆ ಒಂದು ಗೇರ್ ಬದಲಿಸುತ್ತಾ ಹೋಗುವ ಸದ್ದು ಕೇಳಿದ ಮೇಲೆ ಈ ಪಟಾಕಿ ಅವನಿಗೇ ರುಚಿಸುವುದಿಲ್ಲ.

ಪ್ರಶ್ನೆ: ಬೆಂಗಳೂರು. ಟ್ಯೂನಿಂಗ್ ಮಾಡುವವರೊಬ್ಬರು ಲಿಮಿಟರನ್ನು 500 ಸುತ್ತು ಮೇಲೆತ್ತಿ ಕೊಡುತ್ತೇನೆ, ಪಿಕಪ್ ಜಾಸ್ತಿ ಆಗುತ್ತದೆ ಅನ್ನುತ್ತಾರೆ. ಮಾಡಿಸಲೇ?

ಎಂಜಿನ್ನಿನ ಒಳಗೆ ಏನೂ ಬದಲಿಸದೆ ಬರೀ ಅಂಕಿ ಬದಲಿಸುವುದಾದರೆ ಬೇಡ. ಪಿಸ್ಟನ್ ಮೇಲೆ ಹೋಗಿ ನಿಂತು ಕೆಳಗೆ ತಿರುಗುತ್ತದಲ್ಲ, ಆ ತುದಿಯಲ್ಲಿ ಅದನ್ನು ಹಿಡಿದು ವಾಪಸ್ ಎಳೆಯುವುದು ಕನೆಕ್ಟಿಂಗ್ ರಾಡು. ಮೊದಲ ಪತ್ರದ ಮಾಜ್ದಾ ಎಂಜಿನ್ನಿನಲ್ಲಿ ಪಿಸ್ಟನ್ನಿನ ಓಡಾಟ 91.2 ಮಿಲಿಮೀಟರ್. 7,500ರಲ್ಲಿ 300 ಗ್ರಾಂ ತೂಕದ ಪಿಸ್ಟನ್ ಇದ್ದರೆ ಆ ತುದಿಯಲ್ಲಿ ರಾಡಿನ ಮೇಲೆ ಬೀಳುವ ಎಳೆತ 850 ಕೆಜಿ ತೂಗಿದ್ದಕ್ಕಿಂತ ಜಾಸ್ತಿ. ಅದೂ ಸೆಕೆಂಡಿಗೆ 125 ಸಲ. ಈ ಎಳೆತ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 7,500ರಿಂದ 8,000ಕ್ಕೆ ವೇಗ ಏರಿದ್ದು ಶೇಕಡಾ 7, ಎಳೆತ ಏರಿದ್ದು ಶೇಕಡಾ 14. ವಾಲ್ವ್ ಸ್ಪ್ರಿಂಗಿನ ಕಥೆಯೂ ಅದೇ. ಒಂದು ವೇಗ ದಾಟಿದರೆ ಸ್ಪ್ರಿಂಗಿಗೆ ವಾಲ್ವನ್ನು ಹೊತ್ತಿಗೆ ಸರಿಯಾಗಿ ಮುಚ್ಚಲು ಆಗುವುದಿಲ್ಲ, ವಾಲ್ವ್ ತೇಲುತ್ತದೆ.

ಲಾಭವೂ ಇಲ್ಲ. ಪವರಿನ ತುದಿ ದಾಟಿ ಇಳಿಯುತ್ತಿರುವ ಎಂಜಿನ್ನನ್ನು ಇನ್ನಷ್ಟು ಏರಿಸಿದರೆ ಇಳಿಯುವುದೇ ಜಾಸ್ತಿ. ಆ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ.

ಪ್ರಶ್ನೆ: ಮಂಗಳೂರು. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಗೊಂಡು ಎರಡು ತಿಂಗಳಿಗೆ ಎಂಜಿನ್ ಹೋಯಿತು. ಬಿಚ್ಚಿದವರು ‘ಯಾರೋ ಮಿತಿ ಮೀರಿ ತಿರುಗಿಸಿದ್ದಾರೆ’ ಎಂದರು. ಲಿಮಿಟರ್ ಇದ್ದ ಕಾರು ಮಿತಿ ಮೀರುವುದು ಹೇಗೆ?

ಈ ಪತ್ರ ಓದಿ ನನಗೆ ಹಳೆಯ ನೋವೊಂದು ಎದ್ದಿತು. ಅದನ್ನೇ ಹೇಳುತ್ತೇನೆ, ನಿಮಗೆ ಉತ್ತರ ಅದರಲ್ಲೇ ಇದೆ.

1998. ಆಗ ಬೆಂಗಳೂರಿನಲ್ಲಿ ರ‍್ಯಾಲಿ ಕಾರುಗಳ ಕೆಲಸ ಮಾಡುತ್ತಿದ್ದೆ. ಒಬ್ಬರ 1,600 ಸಿಸಿ, ಹದಿನಾರು ವಾಲ್ವಿನ ಕಾರಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿ, ಪರೀಕ್ಷೆ ಮಾಡಲು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ತಗೊಂಡು ಹೋಗಿದ್ದೆವು. ಓಡಿಸಿದವನು ನಾನು. ನೇರ ದಾರಿಯಲ್ಲಿ ಮೂರನೇ ಗೇರ್ ಪೂರ್ತಿ ಎಳೆದು ನಾಲ್ಕಕ್ಕೆ ಹಾಕಲು ಕಡ್ಡಿಯನ್ನು ಹಿಂದಕ್ಕೆ ಎಳೆದೆ. ಅವಸರ. ಕಡ್ಡಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದೆ. ನೇರ ಹಿಂದಕ್ಕೆ ಎಳೆಯಬೇಕಾದದ್ದು ಬಿಟ್ಟು, ಎಳೆಯುವಾಗ ಗೊತ್ತಿಲ್ಲದೆ ಎಡಕ್ಕೂ ದೂಡಿದ್ದೆ. ನಾಲ್ಕಿರಬೇಕಾದಲ್ಲಿ ಎರಡು ಬಿತ್ತು. ಕ್ಲಚ್ ಬಿಟ್ಟೆ.

ಮುಂದಿನ ಚಕ್ರ ಕೀರ್ ಎಂದಿತು. ಎಂಜಿನ್ ಅಲ್ಲಿಯ ತನಕ ನಾನು ಕೇಳದ ಒಂದು ಸದ್ದು ಮಾಡಿತು. ಅರ್ಧ ಸೆಕೆಂಡ್ ಇರಬಹುದು. ಕ್ಲಚ್ ಮತ್ತೆ ಒತ್ತಿದೆ. ಆಮೇಲೆ ಟಕ್ ಟಕ್ ಟಕ್.

ಸಂಜೆ ಶೆಡ್ಡಿನಲ್ಲಿ ಎಂಜಿನ್ನಿನ ಮೇಲ್ಭಾಗ, ಹೆಡ್, ಇಳಿಸಿದೆವು. ಪಿಸ್ಟನ್ನುಗಳ ತಲೆಯ ಮೇಲೆ, ಹೊತ್ತಿಗೆ ಮುಚ್ಚದ ವಾಲ್ವುಗಳು ಬಡಿದ ಅರ್ಧಚಂದ್ರದ ಗುರುತು, ಉಗುರಿನಿಂದ ಚಿವುಟಿದ ಹಾಗೆ. ವಾಲ್ವುಗಳನ್ನು ಒಂದೊಂದಾಗಿ ತೆಗೆದು ಗಾಜಿನ ಹಲಗೆಯ ಮೇಲೆ ಉರುಳಿಸಿದೆ. ನೆಟ್ಟಗಿದ್ದದ್ದು ಸುಮ್ಮನೆ ಉರುಳುತ್ತದೆ, ಸೊಟ್ಟಗಾದದ್ದು ಕುಂಟುತ್ತದೆ. ಹದಿನಾರರಲ್ಲಿ ಒಂಬತ್ತು ಕುಂಟಿದವು. ಯಜಮಾನರು ಒಂದು ಮಾತೂ ಬೈಯಲಿಲ್ಲ. ಒಂಬತ್ತು ವಾಲ್ವನ್ನೂ ಒಂದು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಈಗಲೂ ನನ್ನ ಟೂಲ್ ಪೆಟ್ಟಿಗೆಯ ಕೆಳಗಿನ ಅರೆಯಲ್ಲಿವೆ.

ಆ ಕಾರಿನಲ್ಲೂ ಲಿಮಿಟರ್ ಇತ್ತು. ಅದು ತನ್ನ ಕೆಲಸ ಮಾಡಿಯೇ ಮಾಡಿತು, ಪೆಟ್ರೋಲ್ ಪೂರ್ತಿ ನಿಲ್ಲಿಸಿತು. ಆದರೆ ಆ ಹೊತ್ತಿನಲ್ಲಿ ಎಂಜಿನ್ನನ್ನು ತಿರುಗಿಸುತ್ತಿದ್ದದ್ದು ಪೆಟ್ರೋಲ್ ಅಲ್ಲ. ನೂರಾರು ಕೆಜಿಯ ಕಾರು ಓಡುತ್ತಿತ್ತು, ಚಕ್ರ ತಿರುಗುತ್ತಿತ್ತು, ಚಕ್ರ ಗೇರ್ ಬಾಕ್ಸ್ ಮೂಲಕ ಎಂಜಿನ್ನನ್ನು ತಿರುಗಿಸುತ್ತಿತ್ತು. ಎರಡರ ನಡುವೆ ಹಲ್ಲಿಗೆ ಹಲ್ಲು ಕೂತ ಕಬ್ಬಿಣ. ಕಡಿಯಲು ಅಲ್ಲಿ ಏನೂ ಇಲ್ಲ. ಮಾಜ್ದಾದ ಲೆಕ್ಕದಲ್ಲೇ ನೋಡಿ: ಮೂರರಲ್ಲಿ 7,500ಕ್ಕೆ ಬಂದು, ನಾಲ್ಕರ ಬದಲು ಎರಡು ಬಿದ್ದರೆ ಎಂಜಿನ್ 11,000 ಸುತ್ತಿಗೆ ಹೋಗಲೇಬೇಕು. ರಾಡಿನ ಮೇಲಿನ ಎಳೆತ ಎರಡರಷ್ಟಕ್ಕೂ ಜಾಸ್ತಿ. ನಿಮ್ಮ ಕಾರಿನ ಹಿಂದಿನ ಯಜಮಾನರ ಕೈಯಲ್ಲೂ ಇಂಥದ್ದೇ ಆಗಿರಬೇಕು. ರಾಡಿನ ಬೋಲ್ಟ್ ಒಮ್ಮೆ ಹಿಗ್ಗಿದರೆ ಅವತ್ತೇ ಮುರಿಯಬೇಕು ಎಂದೇನಿಲ್ಲ. ತಿಂಗಳುಗಳ ಮೇಲೆ, ಯಾವ ತಪ್ಪೂ ಮಾಡದವರ ಕೈಯಲ್ಲಿ ಮುರಿಯುತ್ತದೆ. ನಿಮ್ಮ ಬಗ್ಗೆ ನನಗೆ ನಿಜವಾಗಿ ಬೇಸರವಾಗಿದೆ.

ಮುಂದಿನ ಸಲ ಕಾರು ಕೊಳ್ಳುವಾಗ ಇಸಿಎಂ ಓದಿಸಿ ನೋಡಿ. ಪೋರ್ಷದಂಥ ಕಾರುಗಳಲ್ಲಿ ಎಂಜಿನ್ ಎಷ್ಟು ಸಲ, ಯಾವ ಮಟ್ಟಕ್ಕೆ ಮಿತಿ ಮೀರಿದೆ ಎಂಬ ಲೆಕ್ಕ ಅದರಲ್ಲಿ ಉಳಿದಿರುತ್ತದೆ. ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ ಆದರೆ ಈ ಭಯ ಬಹಳ ಕಮ್ಮಿ. ಸ್ಟೀರಿಂಗ್ ಹಿಂದಿನ ಪ್ಯಾಡಲ್ ಎಳೆದು ಕೆಳಗಿನ ಗೇರ್ ಕೇಳಿದರೂ, ಎಂಜಿನ್ ಮಿತಿ ಮೀರುತ್ತದೆ ಅಂತಾದರೆ ಗೇರ್ ಬಾಕ್ಸಿನ ಕಂಪ್ಯೂಟರ್ ಕೊಡುವುದಿಲ್ಲ.

ಮ್ಯಾನುಯಲ್ ಓಡಿಸುವವರಿಗೆ ನನ್ನ ಹತ್ತಿರ ಕಲಿಯುವ ಹುಡುಗರಿಗೆ ಮಾಡಿಸುವುದನ್ನೇ ಹೇಳುತ್ತೇನೆ. ಗೇರ್ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿಯಬೇಡಿ. ನ್ಯೂಟ್ರಲ್‌ನಲ್ಲಿ ಕೈ ಬಿಟ್ಟರೆ ಕಡ್ಡಿ ತಾನೇ ಬಂದು ಮೂರು ಮತ್ತು ನಾಲ್ಕರ ಸಾಲಿನಲ್ಲಿ ನಿಲ್ಲುತ್ತದೆ, ಒಳಗೆ ಅದಕ್ಕೆಂದೇ ಸ್ಪ್ರಿಂಗ್ ಇದೆ. ಮೂರರಿಂದ ನಾಲ್ಕಕ್ಕೆ ಬೆರಳುಗಳ ಒಳಬದಿಯಿಂದ ನೇರ ಹಿಂದಕ್ಕೆ ಎಳೆಯಿರಿ, ಪಕ್ಕಕ್ಕೆ ಏನೂ ಬಲ ಬೇಡ. ಎರಡರಿಂದ ಮೂರಕ್ಕೆ ಅಂಗೈಯಿಂದ ಮುಂದಕ್ಕೆ ದೂಡಿ, ನಡುವೆ ಒಂದು ಕೂದಲೆಳೆಯಷ್ಟು ಹೊತ್ತು ಸ್ಪ್ರಿಂಗಿಗೆ ಕೊಡಿ, ಅದೇ ದಾರಿ ತೋರಿಸುತ್ತದೆ. ನಾಲ್ಕರಿಂದ ಐದಕ್ಕೆ ಮಾತ್ರ ಅಂಗೈ ತಿರುಗಿಸಿ ಪಕ್ಕಕ್ಕೆ ಒರಗಿಸಿ ದೂಡಬೇಕು.

ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಎಳೆಯಿರಿ. ಎಂಜಿನ್ ಆರಿಸಿ, ಕ್ಲಚ್ ಒತ್ತಿ, ಕಣ್ಣು ಮುಚ್ಚಿ. ಒಂದರಿಂದ ಆರು, ಆರರಿಂದ ಒಂದು. ದಿನಕ್ಕೆ ಐವತ್ತು ಸಲ, ಹದಿನೈದು ದಿನ.